ಅಂತರ್ಜಾಲದ ಚರ್ಚಾ ಬಳಗಗಳ ಮೂಲಕ ಗ್ರಾಹಕರನ್ನು ಕಂಡುಕೊಳ್ಳುವ ಕ್ರಮ: ಉಯ್ಯಂಬಳ್ಳಿ ಹೋಬಳಿಯ ನವೋದ್ಯಮಿಗಳಿಗೆ ಮಾಹಿತಿ

ಪೀಠಿಕೆ

ಉಯ್ಯಂಬಳ್ಳಿಯು ಬೆಂಗಳೂರು ದಕ್ಷಿಣ ಜಿಲ್ಲೆಯ (2025ರ ಮೇ ತಿಂಗಳವರೆಗೆ ರಾಮನಗರ ಜಿಲ್ಲೆ) ಕನಕಪುರ ತಾಲ್ಲೂಕಿಗೆ ಸೇರಿದ ಹೋಬಳಿಯಾಗಿದೆ. ರಾಗಿ, ಹುರುಳಿ, ಹುಣಸೆ, ತೆಂಗು, ಮಾವು ಹಾಗೂ ಹಿಪ್ಪುನೇರಳೆ ಈ ತಾಲ್ಲೂಕಿನ ಪರಿಚಿತ ಬೆಳೆಗಳು. ಈ ಬೆಳೆಗಳಿಂದ ಹಿಟ್ಟು, ಹುರಿಹಿಟ್ಟು, ಉಪ್ಪಿನಕಾಯಿ, ಗಾಣದ ಎಣ್ಣೆ ಮುಂತಾದ ಪದಾರ್ಥಗಳನ್ನು ತಯಾರಿಸುವ ಸಣ್ಣ ಉದ್ದಿಮೆಗಳನ್ನು ಸ್ವಸಹಾಯ ಸಂಘಗಳೂ ವಿದ್ಯಾವಂತ ಯುವಜನರೂ ಆರಂಭಿಸಲು ಅವಕಾಶವಿರುತ್ತದೆ. ಯಂತ್ರ, ಸಾಲ ಹಾಗೂ ತರಬೇತಿಗೆ ಯೋಜನೆಗಳ ನೆರವು ದೊರೆಯಬಹುದಾದರೂ, ಮೊದಲ ಗ್ರಾಹಕರನ್ನು ಉದ್ದಿಮೆದಾರರು ತಾವೇ ಹುಡುಕಿಕೊಳ್ಳಬೇಕಾಗುತ್ತದೆ.

ಕನಕಪುರ ಪಟ್ಟಣದಿಂದ ಬೆಂಗಳೂರು ಸುಮಾರು 55 ಕಿ.ಮೀ. ದೂರದಲ್ಲಿದೆ. ಆ ನಗರದ ಸಾವಿರಾರು ಕುಟುಂಬಗಳು ಬಡಾವಣೆ, ವಸತಿ ಸಮುಚ್ಚಯ, ಅಡುಗೆ, ಕೈತೋಟ, ಶಿಶುಪಾಲನೆ ಮುಂತಾದ ವಿಷಯಗಳ ಬಗ್ಗೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಟೆಲಿಗ್ರಾಂ ಗುಂಪುಗಳಲ್ಲಿ ಪ್ರತಿದಿನವೂ ಚರ್ಚಿಸುತ್ತಿವೆ. ಜಾಹೀರಾತಿಗೆ ಹಣವಿಲ್ಲದ ಉದ್ದಿಮೆದಾರರಿಗೆ ಈ ಬಳಗಗಳು ಉತ್ತಮ ದಾರಿಯಾಗಬಲ್ಲವು. ಆದರೆ ಅನಪೇಕ್ಷಿತ ಸಂದೇಶವೊಂದನ್ನು ಕಳುಹಿಸಿದ ಮಾತ್ರಕ್ಕೆ ಈ ದಾರಿಯು ಶಾಶ್ವತವಾಗಿ ಮುಚ್ಚಿಹೋಗುವುದೂ ಉಂಟು. ಆದುದರಿಂದ ಅನುಸರಿಸಬೇಕಾದ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಚರ್ಚಾ ಬಳಗ ಮತ್ತು ಮಾರುಕಟ್ಟೆ: ವ್ಯತ್ಯಾಸ

ಸಂತೆಯಲ್ಲಿ ಕೂಗಿ ಮಾರುವುದು ತಪ್ಪಲ್ಲ. ಅಲ್ಲಿಗೆ ಬಂದವರು ಕೊಳ್ಳಲೆಂದೇ ಬಂದವರಾಗಿರುತ್ತಾರೆ. ಅರಳಿಕಟ್ಟೆಯ ಮೇಲೆ ಕುಳಿತು ಊರಿನ ವಿಚಾರ ಮಾತನಾಡುತ್ತಿರುವವರ ನಡುವೆ ನಿಂತು ಅದೇ ರೀತಿ ಕೂಗಿದರೆ ಅದು ಉಪದ್ರವವಾಗುತ್ತದೆ. ಚರ್ಚಾ ಬಳಗವು ಅರಳಿಕಟ್ಟೆಯೇ ಹೊರತು ಸಂತೆಯಲ್ಲ. ಆದರೆ ಅದೇ ಕಟ್ಟೆಯ ಮೇಲೆ ಯಾರಾದರೂ "ಒಳ್ಳೆಯ ಹುಣಸೆಹಣ್ಣು ಎಲ್ಲಿ ಸಿಗುತ್ತದೆ?" ಎಂದು ಕೇಳಿದಾಗ, ತಿಳಿದವರು ಹೇಳುವ ಮಾತಿಗೆ ಜಾಹೀರಾತಿಗಿಂತ ಹೆಚ್ಚಿನ ಬೆಲೆ ಇರುತ್ತದೆ. ಈ ಎರಡು ಸಂದರ್ಭಗಳ ನಡುವಿನ ವ್ಯತ್ಯಾಸವನ್ನು ಗ್ರಹಿಸುವುದೇ ಈ ವಿಷಯದ ಮುಖ್ಯಾಂಶವಾಗಿರುತ್ತದೆ.

2. ಅನಪೇಕ್ಷಿತ ಸಂದೇಶ (ಸ್ಪ್ಯಾಮ್) ಎಂದರೆ ಯಾವುದು?

ಕೇಳದವರಿಗೆ, ಸಂಬಂಧವಿಲ್ಲದ ಸ್ಥಳದಲ್ಲಿ, ಒಂದೇ ರೂಪದಲ್ಲಿ ಹಲವರಿಗೆ ಕಳುಹಿಸುವ ವ್ಯಾಪಾರ ಸಂದೇಶವೇ ಅನಪೇಕ್ಷಿತ ಸಂದೇಶ. ಪದಾರ್ಥವು ಉತ್ತಮವಾಗಿದೆಯೆಂಬ ಕಾರಣಕ್ಕೆ ಸಂದೇಶವು ಅಪೇಕ್ಷಿತವಾಗುವುದಿಲ್ಲ.

ಈ ಸಮಸ್ಯೆ ಹೊಸದೇನಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಗಣಕಯಂತ್ರ ಸಂಸ್ಥೆಯ ಮಾರಾಟ ವಿಭಾಗದವರು ಅಂದಿನ ಅರ್ಪಾನೆಟ್ ಜಾಲದ ಸುಮಾರು 400 ಬಳಕೆದಾರರಿಗೆ ಏಕಕಾಲಕ್ಕೆ ಪ್ರಚಾರ ಸಂದೇಶ ಕಳುಹಿಸಿ ತೀವ್ರ ಆಕ್ಷೇಪಣೆಗೆ ಗುರಿಯಾದರು. 1994ರ ಏಪ್ರಿಲ್‌ನಲ್ಲಿ ಅದೇ ದೇಶದ ಇಬ್ಬರು ವಕೀಲರು ವಲಸೆ ಪರವಾನಗಿಗೆ ಸಂಬಂಧಿಸಿದ ತಮ್ಮ ಸೇವೆಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಚರ್ಚಾ ಜಾಲದ ಸಾವಿರಾರು ಗುಂಪುಗಳಿಗೆ ಕಳುಹಿಸಿದರು. ಆ ಗುಂಪುಗಳಲ್ಲಿ ಬಹುತೇಕ ಎಲ್ಲವೂ ಬೇರೆ ವಿಷಯಗಳಿಗೆ ಮೀಸಲಾಗಿದ್ದವು. ದೂರುಗಳ ಪ್ರವಾಹವೇ ಹರಿದು, ಅವರಿಗೆ ಅಂತರ್ಜಾಲ ಸಂಪರ್ಕ ಒದಗಿಸಿದ್ದ ಸಂಸ್ಥೆಯು ಅವರ ಖಾತೆಯನ್ನು ರದ್ದುಪಡಿಸಿತು. ಜನರು ಸಿಟ್ಟಾದುದಕ್ಕೆ ಕಾರಣ ಸೇವೆಯ ಸ್ವರೂಪವಲ್ಲ, ಸ್ಥಳದ ಅನೌಚಿತ್ಯ ಮತ್ತು ಪುನರಾವರ್ತನೆ ಎಂಬುದನ್ನು ಗಮನಿಸಬೇಕು.

ವೇದಿಕೆಗಳೂ ಇದನ್ನು ತಾಂತ್ರಿಕವಾಗಿ ನಿರ್ಬಂಧಿಸುತ್ತವೆ. ವಾಟ್ಸ್‌ಆ್ಯಪ್ ಸಂಸ್ಥೆಯು 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ 5 ಕಡೆಗೆ ಮಾತ್ರ ರವಾನಿಸಲು ಮಿತಿ ವಿಧಿಸಿತು. ಹಲವು ಬಾರಿ ಕೈಬದಲಾದ ಸಂದೇಶಗಳನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ರವಾನಿಸುವಂತೆ 2020ರಲ್ಲಿ ಮಿತಿಯನ್ನು ಬಿಗಿಗೊಳಿಸಿತು. ಅದರ 'ಬ್ರಾಡ್‌ಕಾಸ್ಟ್' ಪಟ್ಟಿಯ ಮೂಲಕ ಕಳುಹಿಸಿದ ಸಂದೇಶವು, ಕಳುಹಿಸಿದವರ ಸಂಖ್ಯೆಯನ್ನು ತಮ್ಮ ದೂರವಾಣಿಯಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಸ್ವೀಕರಿಸುವವರ ಒಪ್ಪಿಗೆಯೇ ಇದರ ತಳಹದಿ.

3. ಒಂದು ಅನುಭವ: ಬಾಕಾಹು (2021)

ಚರ್ಚಾ ಬಳಗದ ಮೂಲಕ ಹೊಸ ಪದಾರ್ಥಕ್ಕೆ ಗ್ರಾಹಕರು ದೊರೆತ ಬಗೆಗೆ ನಮ್ಮ ರಾಜ್ಯದಲ್ಲಿಯೇ ಉತ್ತಮ ನಿದರ್ಶನವಿದೆ. 2021ರ ಕೋವಿಡ್ ಲಾಕ್‌ಡೌನ್ ಅವಧಿಯಲ್ಲಿ ಬಾಳೆಕಾಯಿಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದರು. ಆ ಸಮಯದಲ್ಲಿ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರ ಪ್ರೇರಣೆಯಿಂದ, ಕೃಷಿಕರೂ ಗೃಹಿಣಿಯರೂ ಇದ್ದ ವಾಟ್ಸ್‌ಆ್ಯಪ್ ಬಳಗದಲ್ಲಿ ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಪುಡಿ ಮಾಡುವ ವಿಧಾನದ ಚರ್ಚೆ ನಡೆಯಿತು. ಬಾಳೆಕಾಯಿ ಹುಡಿ ಎಂಬುದರ ಹ್ರಸ್ವರೂಪವಾಗಿ 'ಬಾಕಾಹು' ಎಂಬ ಹೆಸರು ಬಳಕೆಗೆ ಬಂದಿತು. ಹುಡಿ ಎಂದರೆ ಕರಾವಳಿ ಕನ್ನಡದಲ್ಲಿ ಪುಡಿ ಎಂದರ್ಥ.

ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಮಹಿಳೆಯರು ಈ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮುಂತಾದ ತಿನಿಸುಗಳನ್ನು ತಯಾರಿಸಿ, ಅವುಗಳ ಛಾಯಾಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಂಡರು. ಹೆಚ್ಚು ಜನರಿಗೆ ವಿಷಯ ತಿಳಿದಂತೆ ಬೇಡಿಕೆಯೂ ಹೆಚ್ಚಿತು. 2021ರ ಜುಲೈ 25ರಂದು ಪ್ರಸಾರವಾದ 'ಮನ್ ಕಿ ಬಾತ್' ಬಾನುಲಿ ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಯವರು ಈ ಪ್ರಯತ್ನವನ್ನು ಉಲ್ಲೇಖಿಸಿದರು.

ಈ ಅನುಭವದಿಂದ ಗ್ರಹಿಸಬಹುದಾದ ಅಂಶಗಳು ಇಂತಿವೆ:

(ಅ) ಚರ್ಚೆಯು ಬಳಗದವರ ಸಮಸ್ಯೆಯಿಂದ, ಅಂದರೆ ಕುಸಿದ ಬೆಲೆಯಿಂದ ಆರಂಭವಾಯಿತೇ ಹೊರತು ಮಾರಾಟಗಾರರ ಅಗತ್ಯದಿಂದಲ್ಲ.
(ಆ) ತಯಾರಿಸುವ ವಿಧಾನವನ್ನು ಗುಟ್ಟಾಗಿ ಇಡಲಿಲ್ಲ. ವಿಧಾನ ತಿಳಿದವರೆಲ್ಲರೂ ತಾವೇ ತಯಾರಿಸುವುದಿಲ್ಲ. ಬಿಡುವಿಲ್ಲದವರು ತಿಳಿಸಿಕೊಟ್ಟವರಿಂದಲೇ ಕೊಳ್ಳುತ್ತಾರೆ.
(ಇ) "ಕೊಳ್ಳಿರಿ" ಎಂಬ ಕರೆಗಿಂತ "ಹೀಗೆ ಮಾಡಿದೆವು, ಹೀಗಾಯಿತು" ಎಂಬ ವರದಿ ಹೆಚ್ಚು ಜನರನ್ನು ತಲುಪಿತು.

ಇದಕ್ಕೂ ಮುನ್ನ 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಹಲವು ವಸತಿ ಸಮುಚ್ಚಯಗಳ ನಿವಾಸಿಗಳು ತಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇಡಿಕೆಯನ್ನು ಒಟ್ಟುಗೂಡಿಸಿ, ರೈತರಿಂದ ಹಣ್ಣು ತರಕಾರಿಗಳನ್ನು ನೇರವಾಗಿ ತರಿಸಿಕೊಂಡಿದ್ದರು. ಕೊಳ್ಳುವವರೇ ಮುಂದಾಗಿ ಕರೆದಾಗ ಮಾರಾಟವು ಉಪದ್ರವವಾಗುವುದಿಲ್ಲ.

4. ಎಷ್ಟು ಗ್ರಾಹಕರು ಬೇಕು?

ನವೋದ್ಯಮಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು ಕಲ್ಪನೆಯೆಂದರೆ ಸಾವಿರಾರು ಜನರನ್ನು ತಲುಪಲೇಬೇಕೆಂಬುದು. ಪ್ರತಿ ತಿಂಗಳು ತಲಾ 2 ಕೆ.ಜಿ. ಹಿಟ್ಟು ಕೊಳ್ಳುವ 50 ಮನೆಗಳಿದ್ದರೆ ಒಂದು ಕ್ವಿಂಟಾಲ್ ಹಿಟ್ಟಿಗೆ ಖಾತರಿಯ ಮಾರಾಟ ಆದಂತಾಯಿತು. ಮನೆಮಟ್ಟದ ಘಟಕವೊಂದಕ್ಕೆ ಆರಂಭದಲ್ಲಿ ಇದು ಸಾಕಾಗುವಷ್ಟಿರುತ್ತದೆ. ಈ 50 ಮನೆಗಳು ಒಂದೆರಡು ಬಡಾವಣೆಗಳಲ್ಲಿಯೇ ಇದ್ದರೆ ಸಾಗಣೆ ವೆಚ್ಚವೂ ಕಡಿಮೆಯಾಗುತ್ತದೆ. ಆದುದರಿಂದ 20 ಗುಂಪುಗಳಲ್ಲಿ ಅಪರಿಚಿತರಾಗಿರುವುದಕ್ಕಿಂತ 2 ಗುಂಪುಗಳಲ್ಲಿ ಪರಿಚಿತರಾಗಿರುವುದು ಲಾಭದಾಯಕ.

5. ಬಳಗಕ್ಕೆ ಸೇರುವ ಮುನ್ನ ಮತ್ತು ಸೇರಿದ ನಂತರ ಅನುಸರಿಸಬೇಕಾದ ಕ್ರಮ

(1) ಬಳಗದ ಆಯ್ಕೆ: ಪದಾರ್ಥವನ್ನು ಬಳಸುವವರು ಎಲ್ಲಿ ಚರ್ಚಿಸುತ್ತಾರೆಂದು ಯೋಚಿಸಿರಿ. ಮಾರಾಟಗಾರರೇ ತುಂಬಿರುವ ಗುಂಪಿನಲ್ಲಿ ಕೊಳ್ಳುವವರು ಇರುವುದಿಲ್ಲ. ರಾಗಿ ಹಿಟ್ಟಿಗೆ ಶಿಶುಪಾಲನೆ ಅಥವಾ ಸಿರಿಧಾನ್ಯ ಅಡುಗೆಯ ಗುಂಪು, ಎರೆಹುಳು ಗೊಬ್ಬರಕ್ಕೆ ಕೈತೋಟದ ಗುಂಪು ಸೂಕ್ತ. ಚನ್ನಪಟ್ಟಣದ ಮರದ ಗೊಂಬೆಗಳಿಗೆ ಎಳೆಯ ಮಕ್ಕಳ ಪೋಷಕರ ಗುಂಪು ಸೂಕ್ತ, "ಮಗು ಬಾಯಿಗೆ ಹಾಕಿಕೊಂಡರೆ ಬಣ್ಣದಿಂದ ತೊಂದರೆಯೇ?" ಎಂಬುದು ಅಲ್ಲಿ ಕೇಳಿಬರಬಹುದಾದ ಪ್ರಶ್ನೆ. ಅರಗಿನ ಬಣ್ಣವನ್ನು ಬಲ್ಲ ಕುಶಲಕರ್ಮಿಯು ಅದಕ್ಕೆ ಅಧಿಕಾರಯುತವಾಗಿ ಉತ್ತರಿಸಬಲ್ಲರು.

(2) ನಿಯಮಗಳ ಪರಿಶೀಲನೆ: ಗುಂಪಿನ ವಿವರಣೆಯಲ್ಲಿರುವ ನಿಯಮಗಳನ್ನು ಓದಿರಿ. ಕೆಲವು ಗುಂಪುಗಳಲ್ಲಿ ಮಾರಾಟದ ಸಂದೇಶಕ್ಕೆ ವಾರದ ಒಂದು ದಿನವನ್ನು ನಿಗದಿಪಡಿಸಲಾಗಿರುತ್ತದೆ. ನಿಯಮ ಸ್ಪಷ್ಟವಾಗಿಲ್ಲದಿದ್ದಲ್ಲಿ ನಿರ್ವಾಹಕರನ್ನು (ಅಡ್ಮಿನ್) ಖಾಸಗಿಯಾಗಿ ಕೇಳಿ ಅನುಮತಿ ಪಡೆಯಿರಿ.

(3) ಆಲಿಸುವ ಅವಧಿ: ಮೊದಲ ಎರಡು ಮೂರು ವಾರಗಳ ಕಾಲ ಏನನ್ನೂ ಮಾರದೆ ಚರ್ಚೆಯನ್ನು ಗಮನಿಸಿರಿ. ಪದೇ ಪದೇ ಬರುವ ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ಜನರು ಯಾವ ಪದಾರ್ಥದ ಬಗ್ಗೆ ದೂರುತ್ತಾರೆ, ಯಾವ ಅಳತೆಯ ಪೊಟ್ಟಣ ಬಯಸುತ್ತಾರೆ ಎಂಬ ಮಾಹಿತಿ ಇಲ್ಲಿ ಉಚಿತವಾಗಿ ದೊರೆಯುತ್ತದೆ. ಇದರ ಆಧಾರದ ಮೇಲೆ ಪದಾರ್ಥವನ್ನೇ ಸುಧಾರಿಸಿಕೊಳ್ಳಬಹುದು.

(4) ನೆರವಾಗುವುದು: ತಮಗೆ ನಿಶ್ಚಿತವಾಗಿ ತಿಳಿದಿರುವ ಪ್ರಶ್ನೆಗಳಿಗೆ ಪೂರ್ಣ ಉತ್ತರ ನೀಡಿರಿ. ಉತ್ತರವು ನಿಮ್ಮ ಪದಾರ್ಥವನ್ನು ಕೊಳ್ಳದವರಿಗೂ ಉಪಯುಕ್ತವಾಗಿರಬೇಕು. "ವಿವರಕ್ಕೆ ಕರೆ ಮಾಡಿ" ಎಂದು ಅರ್ಧಕ್ಕೆ ನಿಲ್ಲಿಸುವುದು ಉತ್ತರವಾಗುವುದಿಲ್ಲ.

(5) ಗುರುತು ಮರೆಮಾಚದಿರುವುದು: ತಾವು ಆ ಪದಾರ್ಥದ ತಯಾರಕರೆಂಬುದನ್ನು ಮೊದಲೇ ತಿಳಿಸಿರಿ. ಗ್ರಾಹಕರಂತೆ ನಟಿಸಿ ತಮ್ಮ ಪದಾರ್ಥವನ್ನೇ ಹೊಗಳುವುದು ಎಂದಾದರೊಂದು ದಿನ ಬಯಲಾಗುತ್ತದೆ.

(6) ಕೇಳಿದಾಗ ಮಾರುವುದು: ಯಾರಾದರೂ "ಎಲ್ಲಿ ಸಿಗುತ್ತದೆ?" ಎಂದು ಕೇಳಿದಾಗ ಬೆಲೆ, ತೂಕ, ತಯಾರಿಸಿದ ದಿನಾಂಕ ಮತ್ತು ತಲುಪಿಸುವ ವಿಧಾನವನ್ನು ಒಂದೇ ಬಾರಿ ಸ್ಪಷ್ಟವಾಗಿ ತಿಳಿಸಿರಿ. ಮುಂದಿನ ವ್ಯವಹಾರವನ್ನು ಖಾಸಗಿ ಸಂದೇಶದಲ್ಲಿ ನಡೆಸಿರಿ. ಬಳಗದವರೇ ಬೇಡಿಕೆ ಒಟ್ಟುಗೂಡಿಸಲು ಮುಂದಾದಲ್ಲಿ ಅವರು ಹೇಳಿದ ದಿನ ಮತ್ತು ಸ್ಥಳಕ್ಕೆ ತಪ್ಪದೆ ತಲುಪಿಸಿರಿ.

(7) ಮಿತಿ: ನೀವು ಬರೆಯುವ ಸಂದೇಶಗಳಲ್ಲಿ ಮಾರಾಟಕ್ಕೆ ಸಂಬಂಧಿಸಿದವು ಹತ್ತಕ್ಕೆ ಒಂದನ್ನು ಮೀರದಂತೆ ನೋಡಿಕೊಳ್ಳುವುದು ಉತ್ತಮ ರೂಢಿ.

6. ಸಂದೇಶದ ಮಾದರಿಗಳು

ಈ ಕೆಳಕಂಡ ಮಾದರಿಗಳು ಕಲ್ಪಿತವಾಗಿದ್ದು, ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ.

ಅಯುಕ್ತ ಮಾದರಿ: "ಶುದ್ಧ ದೇಸಿ ರಾಗಿ ಹಿಟ್ಟು! ಸಕ್ಕರೆ ಕಾಯಿಲೆಗೆ ರಾಮಬಾಣ! ಇಂದೇ ಆರ್ಡರ್ ಮಾಡಿ. ದಯವಿಟ್ಟು ಹತ್ತು ಗುಂಪುಗಳಿಗೆ ಕಳುಹಿಸಿ."

ಈ ಸಂದೇಶವನ್ನು ಯಾರೂ ಕೇಳಿರಲಿಲ್ಲ. ಅದರಿಂದ ಯಾರಿಗೂ ಹೊಸ ವಿಷಯ ತಿಳಿಯಲಿಲ್ಲ. ರೋಗ ಗುಣಪಡಿಸುವ ಸುಳ್ಳು ಭರವಸೆ ಇರುವುದರಿಂದ ಇದು ಕಾನೂನಿನ ತೊಡಕಿಗೂ ಎಡೆಮಾಡುತ್ತದೆ.

ಯುಕ್ತ ಮಾದರಿ: ಗುಂಪಿನಲ್ಲಿ ತಾಯಿಯೊಬ್ಬರು "ಮೊಳಕೆ ರಾಗಿ ಹಿಟ್ಟಿನ ಗಂಜಿ ತೀರಾ ತೆಳ್ಳಗಾಗುತ್ತಿದೆ. ಹಿಟ್ಟು ಕಲಬೆರಕೆಯೇ?" ಎಂದು ಕೇಳಿದ್ದಾರೆಂದು ಭಾವಿಸೋಣ. ಅದಕ್ಕೆ ಉತ್ತರ:

"ಅದಷ್ಟರಿಂದಲೇ ಕಲಬೆರಕೆ ಅನ್ನಲಾಗದು ಮೇಡಂ. ರಾಗಿ ಮೊಳೆತಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಅದಕ್ಕೇ ಗಂಜಿ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಬರುತ್ತದೆ. ಗಟ್ಟಿ ಬೇಕೆಂದರೆ ನೀರು ಕಡಿಮೆ ಮಾಡಿ, ಇಲ್ಲವೇ ಮೊಳಕೆ ಮಾಡದ ರಾಗಿ ಹಿಟ್ಟನ್ನು ಒಂದು ಚಮಚ ಬೆರೆಸಿ. ಹಿಟ್ಟು ಮುಗ್ಗಲು ವಾಸನೆ ಬಂದರೆ ಮಾತ್ರ ಬಳಸಬೇಡಿ. ನಾನು ಉಯ್ಯಂಬಳ್ಳಿ ಕಡೆಯವಳು. ರಾಗಿ ಹಿಟ್ಟು ಮಾಡಿ ಮಾರುವುದೇ ನಮ್ಮ ಸಂಘದ ಕೆಲಸ. ಅನುಭವದಿಂದ ಹೇಳುತ್ತಿದ್ದೇನೆ."

ಈ ಉತ್ತರದಲ್ಲಿ ಬೆಲೆಯಿಲ್ಲ, ದೂರವಾಣಿ ಸಂಖ್ಯೆಯಿಲ್ಲ, ಕೊಳ್ಳಿರೆಂಬ ಕೋರಿಕೆಯೂ ಇಲ್ಲ. ಬೇರೆಯವರ ಹಿಟ್ಟನ್ನು ಹಳಿಯುವ ಅವಕಾಶವಿದ್ದರೂ ಅದನ್ನು ಬಳಸಿಕೊಂಡಿಲ್ಲ. ಇದನ್ನು ಓದಿದವರಲ್ಲಿ ಒಬ್ಬಿಬ್ಬರು ತಾವಾಗಿಯೇ "ನಿಮ್ಮ ಹಿಟ್ಟು ಬೆಂಗಳೂರಿಗೆ ಕಳುಹಿಸುತ್ತೀರಾ?" ಎಂದು ಕೇಳುವ ಸಂಭವವಿರುತ್ತದೆ. ಯಾರೂ ಕೇಳದಿದ್ದರೂ ಉತ್ತರ ನೀಡಿದವರ ಹೆಸರು ನೆನಪಿನಲ್ಲಿ ಉಳಿಯುತ್ತದೆ.

7. ಮಾಡಬಾರದ ಕಾರ್ಯಗಳು

(1) ಒಂದೇ ಸಂದೇಶವನ್ನು ಹಲವು ಗುಂಪುಗಳಿಗೆ ಅಂಟಿಸುವುದು.
(2) ಗುಂಪಿನ ಸದಸ್ಯರ ಸಂಖ್ಯೆಗಳನ್ನು ತೆಗೆದುಕೊಂಡು ಖಾಸಗಿಯಾಗಿ ಪ್ರಚಾರ ಸಂದೇಶ ಕಳುಹಿಸುವುದು ಅಥವಾ ಅವರನ್ನು ಕೇಳದೆ ಹೊಸ ಗುಂಪಿಗೆ ಸೇರಿಸುವುದು.
(3) ಶುಭೋದಯ, ಹಬ್ಬದ ಶುಭಾಶಯಗಳ ಚಿತ್ರದೊಳಗೆ ಅಂಗಡಿಯ ಹೆಸರು ಸೇರಿಸಿ ದಿನನಿತ್ಯ ಹಾಕುವುದು.
(4) ಸಾವು, ಅಪಘಾತ, ಪ್ರವಾಹ ಮುಂತಾದ ದುಃಖದ ಚರ್ಚೆಯ ನಡುವೆ ಮಾರಾಟದ ಮಾತು ತರುವುದು.
(5) ಹಣಕ್ಕಾಗಿ ಸದಸ್ಯರ ಪಟ್ಟಿ ಮಾರುವವರಿಂದ ಸಂಖ್ಯೆಗಳನ್ನು ಕೊಳ್ಳುವುದು.

8. ಗಮನದಲ್ಲಿಡಬೇಕಾದ ಕಾನೂನುಗಳು

ಅ. ಆಹಾರ ಪದಾರ್ಥಗಳನ್ನು ಮನೆಯಲ್ಲಿ ತಯಾರಿಸಿ ಮಾರುವವರೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ನೋಂದಣಿ ಅಥವಾ ಪರವಾನಗಿ ಹೊಂದಿರಬೇಕು. ಮಧುಮೇಹ, ಕ್ಯಾನ್ಸರ್ ಮುಂತಾದ ರೋಗಗಳು ಗುಣವಾಗುತ್ತವೆಂದು ಪ್ರಚಾರ ಮಾಡಬಾರದು. ರಾಗಿಯಲ್ಲಿ ಸುಣ್ಣದಂಶ ಅಧಿಕವಾಗಿದೆ ಎಂಬುದು ಸತ್ಯಾಂಶ. ರಾಗಿಯಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬುದು ಸುಳ್ಳು ಭರವಸೆ.

ಆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ತಪ್ಪುದಾರಿಗೆಳೆಯುವ ಜಾಹೀರಾತು ದಂಡನೀಯ. 2022ರ ಜೂನ್‌ನಲ್ಲಿ ಹೊರಡಿಸಲಾದ ಮಾರ್ಗಸೂಚಿಗಳ ಪ್ರಕಾರ, ಪದಾರ್ಥವನ್ನು ಅನುಮೋದಿಸುವವರಿಗೂ ಮಾರಾಟಗಾರರಿಗೂ ಇರುವ ಸಂಬಂಧವು ಅನುಮೋದನೆಯ ಮೌಲ್ಯದ ಮೇಲೆ ಪರಿಣಾಮ ಬೀರುವಂತಿದ್ದರೆ ಅದನ್ನು ಬಹಿರಂಗಪಡಿಸಬೇಕು.

ಇ. ದೂರವಾಣಿ ಕರೆ ಮತ್ತು ಎಸ್‌ಎಂಎಸ್ ಮೂಲಕ ಕಳುಹಿಸುವ ಪ್ರಚಾರ ಸಂದೇಶಗಳಿಗೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ವಿನಿಯಮಗಳು ಅನ್ವಯಿಸುತ್ತವೆ. ಸಾರ್ವಜನಿಕರು 1909 ಸಂಖ್ಯೆಗೆ ದೂರು ನೀಡಬಹುದಾಗಿದ್ದು, ನಿಯಮ ಉಲ್ಲಂಘಿಸಿದವರ ದೂರವಾಣಿ ಸಂಪರ್ಕವನ್ನೇ ಕಡಿತಗೊಳಿಸಲು ಅವಕಾಶವಿದೆ.

ಈ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಉಪಬಂಧಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. ಗ್ರಾಹಕರ ಹೆಸರು, ವಿಳಾಸ ಹಾಗೂ ದೂರವಾಣಿ ಸಂಖ್ಯೆಯನ್ನು ಅವರು ಕೊಟ್ಟ ಉದ್ದೇಶಕ್ಕೆ ಮಾತ್ರ ಬಳಸುವ ರೂಢಿಯನ್ನು ಈಗಿನಿಂದಲೇ ಬೆಳೆಸಿಕೊಳ್ಳುವುದು ಸೂಕ್ತ.

9. ವಂಚನೆಯ ಬಗ್ಗೆ ಎಚ್ಚರಿಕೆ

ಗುಂಪಿನಲ್ಲಿ ಸಂಖ್ಯೆ ಪ್ರಕಟಿಸಿದ ಸಣ್ಣ ಮಾರಾಟಗಾರರಿಗೆ ವಂಚಕರೂ ಕರೆ ಮಾಡುವುದುಂಟು. ದೊಡ್ಡ ಪ್ರಮಾಣದ ಖರೀದಿಯ ಆಸೆ ತೋರಿಸಿ, "ಹಣ ಕಳುಹಿಸುತ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವುದು ಅವರ ಪರಿಚಿತ ತಂತ್ರ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ. ವಂಚನೆಗೆ ಒಳಗಾದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

10. ತಪ್ಪು ಸಂಭವಿಸಿದಾಗ

ಅರಿಯದೆ ನಿಯಮ ಉಲ್ಲಂಘನೆಯಾದಲ್ಲಿ ವಾದಕ್ಕಿಳಿಯದೆ ಸಂದೇಶವನ್ನು ಅಳಿಸಿ, ನಿರ್ವಾಹಕರಲ್ಲಿ ಕ್ಷಮೆ ಕೋರಿರಿ. ಗುಂಪಿನಿಂದ ಹೊರಹಾಕಿದಲ್ಲಿ ಬೇರೆ ಸಂಖ್ಯೆಯಿಂದ ಮತ್ತೆ ಸೇರಬೇಡಿರಿ. ಪದಾರ್ಥದ ಬಗ್ಗೆ ಗುಂಪಿನಲ್ಲಿಯೇ ದೂರು ಬಂದಲ್ಲಿ ಅಲ್ಲಿಯೇ ಉತ್ತರಿಸಿ, ಹಣ ಹಿಂದಿರುಗಿಸಿ ಅಥವಾ ಪದಾರ್ಥ ಬದಲಿಸಿ, ಆ ವಿಷಯವನ್ನೂ ಅಲ್ಲಿಯೇ ತಿಳಿಸಿರಿ. ದೂರನ್ನು ನೂರಾರು ಜನರು ಓದಿರುತ್ತಾರೆ. ಅದನ್ನು ಪರಿಹರಿಸಿದ ರೀತಿಯನ್ನೂ ಅವರೇ ಓದುತ್ತಾರೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಘದ ಸದಸ್ಯೆಯರಿಂದಲೇ "ತುಂಬಾ ಚೆನ್ನಾಗಿದೆ" ಎಂದು ಬರೆಸಬಹುದೇ?
ಉತ್ತರ: ಬರೆಸಬಾರದು. ಅದು ಗ್ರಾಹಕರನ್ನು ವಂಚಿಸಿದಂತಾಗುತ್ತದೆ. ಆನ್‌ಲೈನ್ ವಿಮರ್ಶೆಗಳ ಬಗ್ಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಪ್ರಕಟಿಸಿದೆ. ನಿಜವಾದ ಗ್ರಾಹಕರನ್ನು ಅಭಿಪ್ರಾಯ ಬರೆಯುವಂತೆ ಕೋರಬಹುದು. ಏನು ಬರೆಯಬೇಕೆಂದು ಹೇಳಬಾರದು.

ಪ್ರಶ್ನೆ: ನಿರ್ವಾಹಕರು ಹಣ ಪಡೆದು ಜಾಹೀರಾತಿಗೆ ಅವಕಾಶ ಕೊಟ್ಟರೆ ತಪ್ಪೇ?
ಉತ್ತರ: ತಪ್ಪಲ್ಲ. ಆದರೆ ಅದು ಜಾಹೀರಾತೆಂದು ಓದುಗರಿಗೆ ಸ್ಪಷ್ಟವಾಗಿ ತಿಳಿಯುವಂತಿರಬೇಕು.

ಪ್ರಶ್ನೆ: ಎರಡು ತಿಂಗಳಿನಿಂದ ಉತ್ತರಿಸುತ್ತಿದ್ದರೂ ಯಾರೂ ಕೊಳ್ಳುತ್ತಿಲ್ಲ. ಏನು ಮಾಡಬೇಕು?
ಉತ್ತರ: ಬಳಗದ ಆಯ್ಕೆ, ಬೆಲೆ ಹಾಗೂ ತಲುಪಿಸುವ ವ್ಯವಸ್ಥೆಯನ್ನು ಮರುಪರಿಶೀಲಿಸಿರಿ. ಪರಿಚಿತರಾದ ನಾಲ್ಕೈದು ಸದಸ್ಯರನ್ನು, ಅವರ ಒಪ್ಪಿಗೆ ಪಡೆದು, ಕೊಳ್ಳದಿರಲು ಕಾರಣವೇನೆಂದು ಕೇಳಿರಿ. ಆ ಉತ್ತರವು ಮಾರಾಟಕ್ಕಿಂತಲೂ ಬೆಲೆಯುಳ್ಳದ್ದಾಗಿರಬಹುದು.

ಪ್ರಶ್ನೆ: ರೇಷ್ಮೆಗೂಡು ಮಾರಲು ಈ ವಿಧಾನ ಉಪಯುಕ್ತವೇ?
ಉತ್ತರ: ಇಲ್ಲ. ರೇಷ್ಮೆಗೂಡಿಗೆ ರಾಮನಗರವೂ ಸೇರಿದಂತೆ ಸರ್ಕಾರಿ ಮಾರುಕಟ್ಟೆಗಳಿದ್ದು, ಅಲ್ಲಿ ಹರಾಜಿನ ಮೂಲಕ ಮಾರಾಟ ನಡೆಯುತ್ತದೆ. ರೇಷ್ಮೆಗೂಡಿನಿಂದ ತಯಾರಿಸುವ ಹಾರ, ಅಲಂಕಾರಿಕ ವಸ್ತು ಮುಂತಾದವುಗಳಿಗೆ ಈ ವಿಧಾನ ಅನುಕೂಲ.

12. ಉಪಸಂಹಾರ

ಗುಂಪಿನ ಸದಸ್ಯರ ಸಂಖ್ಯೆಯು ಉದ್ದಿಮೆದಾರರ ಆಸ್ತಿಯಲ್ಲ. ಅವರ ನಂಬಿಕೆಯೇ ನಿಜವಾದ ಆಸ್ತಿ. ಅದನ್ನು ಗಳಿಸಲು ತಿಂಗಳುಗಳು ಬೇಕಾಗುತ್ತವೆ. ಕಳೆದುಕೊಳ್ಳಲು ಒಂದು ಸಂದೇಶ ಸಾಕು. ಉದ್ದಿಮೆಯನ್ನು ನೋಂದಾಯಿಸಲು ಬಯಸುವವರು 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಮಾಡಿಕೊಳ್ಳಬಹುದು; ಇದಕ್ಕಾಗಿ ಯಾವುದೇ ಮಧ್ಯವರ್ತಿಗೆ ಶುಲ್ಕ ನೀಡಬೇಕಾಗಿಲ್ಲ. ಹೆಚ್ಚಿನ ಮಾರ್ಗದರ್ಶನಕ್ಕಾಗಿ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.